ಡಂಪ್ಲಿಂಗಿನ ತಳ

ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ನೆಲೆಸಿದ ಹುಬ್ಬಳ್ಳಿಯ ಶೇಖರಪ್ಪನವರಿಗೆ ಇದ್ದದ್ದು ಒಂದೇ ಚಪಲ: ಕೋಸು, ತೋಫು ಎಂಬ ಸೋಯಾ ಪನೀರು ತುಂಬಿದ ಚೀನೀ ಡಂಪ್ಲಿಂಗ್. ಅದರಲ್ಲೂ ಕಾವಲಿಗೆ ಅಂಟಿ ಗರಿಗರಿಯಾದ ಅದರ ತಳ. ಸಕ್ಕರೆ ಕಾಯಿಲೆ ಬಂದದ್ದೇ ತಡ, ಆ ತಳಕ್ಕೇ ಸಂಚಕಾರ ಬಂತು.

ಹೆಂಡತಿ ಬಸಕ್ಕನ ಲೆಕ್ಕದಲ್ಲಿ ಕಡಬಿಗೆ ಎರಡೇ ಜಾತಿ. ಕುದಿಸಿದ್ದು ರೋಗಿಗೂ ಆದೀತು, ಕರಿದದ್ದು ಗಟ್ಟಿಮುಟ್ಟಾದವರಿಗೆ ಮಾತ್ರ. ಈ ಚೀನೀ ಕಡಬೋ ಎರಡೂ ಹೌದು. ಆಕೆ ಅಡುಗೆಮನೆಯ ಕತ್ತರಿಯಿಂದ ಪ್ರತಿಯೊಂದನ್ನೂ ಅಡ್ಡಕ್ಕೆ ಕತ್ತರಿಸತೊಡಗಿದಳು.

"ಮ್ಯಾಲಿಂದು ಉಗಿಯೊಳಗ ಬೆಂದದ, ನೀವು ತಿನ್ರಿ. ಕೆಳಗಿಂದು ಎಣ್ಣ್ಯಾಗ ಕರದದ, ನಿಮಗ ಬ್ಯಾಡ."

"ಮತ್ತ ಅದನ್ನೇನ್ ಮಾಡ್ತಿ?"

"ಅನ್ನ ಚೆಲ್ಲಬಾರದು. ನಾನ ತಿಂತೀನಿ."

ಒಳಗಿನ ಪಲ್ಯವೂ ಬಟ್ಟಲಿನಂಥ ಆ ತಳದಲ್ಲೇ ಉಳಿಯುತ್ತಿತ್ತು. ಬಸಕ್ಕ ಆ ತ್ಯಾಗವನ್ನೂ ಕಣ್ಣು ಮುಚ್ಚಿ ಮಾಡುತ್ತಿದ್ದಳು.

ವರ್ಷ ಕಳೆದರೂ ಸಕ್ಕರೆ ಇಳಿಯಲಿಲ್ಲ. ಹೀಗೇ ಆದರೆ ಇನ್ನು ಇಂಜೆಕ್ಷನ್ ಎಂದರು ಡಾಕ್ಟರು. ಸೂಜಿ ಕಂಡರೆ ಶೇಖರಪ್ಪನವರ ಜೀವ ಬಾಯಿಗೆ ಬರುತ್ತಿತ್ತು. ಅದರ ಮೇಲೆ ಗಂಡ ಕದ್ದು ಏನೋ ತಿನ್ನುತ್ತಾನೆಂದು ಬಸಕ್ಕನ ಅನುಮಾನ ಬೇರೆ. ಪಾಪ, ಅವರಿಗೆ ನಿಜವಾಗಿಯೂ ನೋವಾಯಿತು.

ಆ ಸಮಯಕ್ಕೇ ಮೆಲ್ಬರ್ನ್‌ಗೆ, ಟ್ರುಗನಿನಾದಲ್ಲಿರುವ ಬಸಕ್ಕನ ತಮ್ಮ ವಿಜಯನ ಮನೆಗೆ ಹೋದರು. ಮಾಮಾಗೆ ಇಷ್ಟವೆಂದು ವಿಜಯ ಅಕ್ಕರೆಯಿಂದ ಡಂಪ್ಲಿಂಗ್ ಮಾಡಿಸಿದ್ದ. ಬಸಕ್ಕನ ಬ್ಯಾಗಿನಿಂದ ಕತ್ತರಿ ಹೊರಬಂತು.

ಊಟಕ್ಕೆ ಬಂದಿದ್ದ ಪಕ್ಕದ ಮನೆಯ ವಿಯೋಲಾ ಮಂಗಳೂರಿನವಳು, ಆಸ್ಪತ್ರೆಯಲ್ಲಿ ಪಥ್ಯದ ಸಲಹೆ ಕೊಡುವವಳು. ಕತ್ತರಿಯ ಕೆಲಸ ನೋಡಿ ಅವಳ ಚಮಚ ಅರ್ಧಕ್ಕೇ ನಿಂತಿತು.

"ಇದೆಂಥದು ಮಾರಾಯ್ರೇ? ಅಂಕಲ್‌ಗೆ ಬರೇ ಮೈದಾ ಕೊಡುವುದಾ? ಮೇಲೆ ನೆರಿಗೆ ಹಿಡಿದ ಕಡೆಯೇ ಹಿಟ್ಟು ದಪ್ಪ ಇರುವುದು. ಸಕ್ಕರೆ ಏರಿಸುವುದು ಅದೇ. ಕೋಸು, ತೋಫು ಎಲ್ಲ ಕೆಳಗೆ ಉಂಟಲ್ಲ. ಅಷ್ಟು ಎಣ್ಣೆಯಿಂದ ಸಕ್ಕರೆ ಏನೂ ಏರುವುದಿಲ್ಲ."

ಎಲ್ಲರೂ ಬಸಕ್ಕನತ್ತ ನೋಡಿದರು. ವರ್ಷದ ಅನ್ಯಾಯವೆಲ್ಲ ಶೇಖರಪ್ಪನವರ ಎದೆಯಲ್ಲಿ ಒಮ್ಮೆಲೇ ಉಕ್ಕಿತು. ಹಿಂದೆಯೇ ಹಿಗ್ಗೂ ಉಕ್ಕಿತು.

"ಹಂಗಾರ ತಳ ಇನ್ನ ನಂದು," ಎಂದು ತಟ್ಟೆ ಮುಂದೆ ಚಾಚಿದರು.

ಬಸಕ್ಕ ಸ್ವಲ್ಪವೂ ವಿಚಲಿತಳಾಗಲಿಲ್ಲ. ಒಂದು ಡಂಪ್ಲಿಂಗ್ ಎತ್ತಿ, ಬಿಡಿಸಿ, ಒಳಗಿನ ಕೋಸನ್ನು ಗಂಡನ ತಟ್ಟೆಗೆ ಕೊಡವಿದಳು.

"ಮೈದಾ ಬ್ಯಾಡಂದ್ಲಲ್ಲ, ಕೇಳಿದಿರಿಲ್ಲೋ? ಹೂರಣ ನಿಮಗ, ಕಣಕ ಪೂರಾ ನನಗ."

ಪಕ್ಕದಲ್ಲಿ ಕರುಂ ಎಂದು ಸದ್ದಾಯಿತು. ಶೇಖರಪ್ಪನವರು ಕೋಸಿನ ಪಲ್ಯ ತಿನ್ನತೊಡಗಿದರು.