ಡಿಪೋದ ಬಟ್ಟೆ

ಕೌದಿ ಹೊಲಿಯಲು ಎರಡು ಬೇಕು: ಹಳೆಯ ಬಟ್ಟೆ ಮತ್ತು ಬಿಡುವು. ಅವಳಿಗೆ ಎರಡಕ್ಕೂ ಬರವಿತ್ತು.

ಬಟ್ಟೆಯ ಕತೆ ಮೊದಲು. ಗಂಡ ಸತ್ತ ಮೂರನೆಯ ದಿನ, ಅವಳು ಗೋಡೆ ನೋಡುತ್ತ ಕೂತಿದ್ದಾಗ, ಮೈದುನ ಬೀರು ಖಾಲಿ ಮಾಡಿದ. ಕಣ್ಣೆದುರಿಗಿದ್ದರೆ ಅತ್ತಿಗೆ ಮತ್ತಷ್ಟು ಕೊರಗುತ್ತಾಳೆ ಎಂದು, ಒಳ್ಳೆಯ ಮನಸ್ಸಿನಿಂದಲೇ, ಅಣ್ಣನ ಅಂಗಿ, ಪ್ಯಾಂಟು, ಸ್ವೆಟರು, ಇನ್ನೂ ಸವೆಯದ ಒಂದು ಜೊತೆ ಚಪ್ಪಲಿ, ಎಲ್ಲವನ್ನೂ ಎರಡು ಗಂಟು ಕಟ್ಟಿ ಯಾರಿಗೋ ಕೊಟ್ಟು ಬಂದ. ಅವಳಿಗದು ತಿಳಿದದ್ದು ವಾರದ ಮೇಲೆ, ಮಗಳು ಬೀರುವಿನ ಬಾಗಿಲು ತೆರೆದು ನಿಂತು ಕೇಳಿದಾಗ.

"ಅಮ್ಮಾ, ಅಪ್ಪಂದು ಏನೂ ಇಲ್ವಾ?"

ಆರು ವರ್ಷದ ಮಗು. ಮನೆಯಲ್ಲಿ ಗುಬ್ಬಿ ಅನ್ನುತ್ತಿದ್ದರು. ಪ್ರಶ್ನೆ ಕೇಳಿದರೆ ಉತ್ತರ ಬರುವ ತನಕ ನಿಂತಿರುವ ಜಾತಿ. ಅವತ್ತು ಬಹಳ ಹೊತ್ತು ನಿಂತಿತ್ತು.

ಆಮೇಲೊಂದು ಸಂಜೆ ಬೀದಿ ಕೊನೆಯ ಇಸ್ತ್ರಿ ಅಂಗಡಿಯವನು ಬಾಗಿಲಿಗೆ ಬಂದ. ಕೈಯಲ್ಲಿ ಮಡಿಸಿದ ನೀಲಿ ಅಂಗಿ, ನೀಲಿ ಪ್ಯಾಂಟು.

"ಅಕ್ಕ, ಇದು ನಮ್ಮಲ್ಲೇ ಉಳ್ಕೊಂಡಿತ್ತು. ಹೇಗೆ ತಂದುಕೊಡೋದು ಅಂತ ಇವತ್ತು ನಾಳೆ ಅಂದ್ಕೊಂಡೇ..." ಅಂದ. ಮಾತು ಮುಗಿಸದೆ ಮೆಟ್ಟಿಲಿಳಿದು ಹೋದ.

ಬಸ್ ಡಿಪೋದ ಯೂನಿಫಾರಂ. ಗಂಡ ಡಿಪೋದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ವರ್ಷಕ್ಕೆ ಎರಡು ಜೊತೆ ಕೊಡುತ್ತಿದ್ದರು. ಜಾಕು ಜಾರಿ ಬಸ್ಸು ಕೆಳಕ್ಕೆ ಕೂತ ದಿನ ಒಂದು ಜೊತೆ ಅವನ ಮೈಮೇಲಿತ್ತು. ಅದನ್ನು ಆಸ್ಪತ್ರೆಯವರು ಕತ್ತರಿಸಿ ತೆಗೆದಿದ್ದರು. ಇದು ಇನ್ನೊಂದು.

ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಸವರಿದರು. "ಇಟ್ರೆ ನುಸಿ ಪಾಲು. ಮಗೂಗೆ ಕೌದಿ ಹೊಲಿ. ಹೊದ್ಕೊಳ್ಳಲಿ" ಅಂದರು.

ಇನ್ನು ಬಿಡುವಿನ ಕತೆ. ಅವಳು ಎಂ.ಎ. ಓದಿದವಳು. ಈಗ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಬೇರೆಯವರ ನೋಟ್ಸು ಪ್ರತಿ ತೆಗೆಯುತ್ತಿದ್ದಳು, ಬೆಳಿಗ್ಗೆ ಹತ್ತರಿಂದ ಏಳರ ತನಕ. ಅದಕ್ಕೆ ಮುಂಚೆ ನೀರು, ಅಡಿಗೆ, ಗುಬ್ಬಿಯ ಜಡೆ, ಡಬ್ಬಿ, ಕಳೆದುಹೋದ ಒಂದು ಸಾಕ್ಸು. ಹಾಗಾಗಿ ಕೌದಿಯ ಕೆಲಸ ಗಂಟೆಯ ಲೆಕ್ಕದಲ್ಲಿ ನಡೆಯಲಿಲ್ಲ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಒಂದು ಚೌಕದ ಒಂದು ಬದಿ. ಗುಬ್ಬಿ ಸ್ನಾನ ಮಾಡುತ್ತ ಹಾಡುವಷ್ಟು ಹೊತ್ತಿನಲ್ಲಿ ಇನ್ನೊಂದು ಬದಿ. ಭಾನುವಾರ ಮಧ್ಯಾಹ್ನ ಸಿಕ್ಕರೆ ಸಿಕ್ಕಿತು.

ಅವಳ ಹಳೆಯ ನೈಟಿ, ಕಿಟಕಿಯ ಪರದೆ, ಗುಬ್ಬಿ ಹುಟ್ಟಿದಾಗಿನ ಫ್ರಾಕುಗಳು, ದಿಂಬಿನ ಚೀಲ. ಎಲ್ಲವನ್ನೂ ಗೇಣಗಲ ಚೌಕ ಕತ್ತರಿಸಿದಳು. ನೀಲಿ ಬಟ್ಟೆಯಿಂದ ಇಪ್ಪತ್ತೊಂದು ಚೌಕ ಬಂದವು. ಏಳರ ಮೂರು ಸಾಲು. ಮೂರನ್ನೂ ತಲೆಯ ಕಡೆಗೆ ಇಟ್ಟಳು, ಹೊದ್ದಾಗ ಮಗುವಿನ ಮುಖಕ್ಕೆ ತಾಗುವಂತೆ. ಉಳಿದ ಕಾಲರು, ಪಟ್ಟಿ, ಅಂಚುಗಳನ್ನೂ ಅತ್ತೆ ಬಿಸಾಡಲು ಬಿಡದೆ ಅಲ್ಲೇ ಒಳಪದರಕ್ಕೆ ಹಾಸಿದರು.

"ಅಂಚಿನಿಂದ ಹಿಡಿ. ಸುತ್ತುತ್ತಾ ಒಳಗೆ ಬಾ. ನಡು ಕೊನೆಗೆ" ಎಂದು ಕಲಿಸಿದ್ದೂ ಅವರೇ. ಅವರ ಕಣ್ಣಿಗೆ ಸೂಜಿ ಕಾಣುತ್ತಿರಲಿಲ್ಲ, ಸೊಸೆಯ ತಪ್ಪು ಮಾತ್ರ ಕಾಣುತ್ತಿತ್ತು. "ಏನೇ ಇದು, ಕುಡಿದ ಇರುವೆ ನಡೆದ ಹಾಗಿದೆ? ಎಂ.ಎ.ನಲ್ಲಿ ಇದನ್ನೇ ಹೇಳ್ಕೊಟ್ರಾ?"

"ಇಲ್ಲ ಅತ್ತೆ. ಇದು ಸ್ವಂತ ಸಂಶೋಧನೆ."

ಅವಳು ಸತ್ತವನ ವಿಷಯ ಬಿಟ್ಟು ಆಡಿದ ಮೊದಲ ಮಾತು ಅದೇ ಇರಬೇಕು. ಇಬ್ಬರೂ ನಗಲಿಲ್ಲ. ಆದರೆ ಅತ್ತೆ ಆ ದಿನ ಎರಡು ಸಲ ಸೂಜಿಗೆ ದಾರ ಪೋಣಿಸಲು ನೋಡಿದರು.

ಗುಬ್ಬಿಯಂತೂ ದಿನಾ ಬಂದು ಎಣಿಸುತ್ತಿತ್ತು. "ಇದು ಅಪ್ಪನ ಬೆನ್ನು. ಇದು ಅಪ್ಪನ ಮಂಡಿ. ಇದು ಜೇಬು." ಜೇಬಿನ ಚೌಕದಲ್ಲಿ ಜೇಬನ್ನು ಹಾಗೇ ಬಿಟ್ಟಿದ್ದರಿಂದ ಅದರೊಳಗೆ ಒಂದು ಪೆನ್ಸಿಲು ಇಟ್ಟಿತ್ತು.

ನಡುವಿನಲ್ಲಿ ಇನ್ನೆರಡು ಸುತ್ತು ಬಾಕಿಯಿದ್ದಾಗ ಡಿಪೋದಿಂದ ಕಾಗದ ಬಂತು. ಗಂಡನ ಬದಲಿಗೆ ಅವಳಿಗೆ ಕೆಲಸ, ಉಗ್ರಾಣದಲ್ಲಿ ಸಹಾಯಕಿ. ಕಾಯಂ. ತಿಂಗಳ ಕೊನೆಯೊಳಗೆ ಸೇರಬೇಕು. ಸೇರಲು ಉಗ್ರಾಣದಿಂದ ಒಂದು ಚೀಟಿ ತರಬೇಕು, ಸತ್ತವನ ಬಳಿ ಡಿಪೋದ ವಸ್ತು ಏನೂ ಉಳಿದಿಲ್ಲ ಎಂದು.

ಉಗ್ರಾಣದವನನ್ನು ಇಡೀ ಡಿಪೋ ಬೀಗದಕೈ ಎಂದೇ ಕರೆಯುತ್ತಿತ್ತು. ಸೊಂಟದಲ್ಲಿ ಗೊಂಚಲು ತೂಗಿಕೊಂಡು ಓಡಾಡುವ, ನಿವೃತ್ತಿಗೆ ಹತ್ತಿರವಾದ ಮನುಷ್ಯ. ಕಿಟಕಿಯಷ್ಟಗಲದ ಕೌಂಟರಿನ ಆಚೆ ಕೂತು ಪುಸ್ತಕ ತೆರೆದ.

"ಸ್ಪಾನರ್ ಸೆಟ್ಟು ಬಂದಿದೆ. ಬೂಟು ಬಂದಿದೆ. ಯೂನಿಫಾರಂ ಒಂದು ಜೊತೆಗೆ ಆಸ್ಪತ್ರೆ ಕಾಗದ ಇದೆ. ಇನ್ನೊಂದು ಜೊತೆ ಎಲ್ಲಮ್ಮ?"

"ಅದು... ಹಿಂದಿರುಗಿಸಬೇಕು ಅಂತ ಗೊತ್ತಿರಲಿಲ್ಲ ಸರ್."

"ಗೊತ್ತಿರಲ್ಲ. ಯಾರಿಗೂ ಗೊತ್ತಿರಲ್ಲ. ಹಾಕ್ಕೊಳ್ಳೋಕೆ ಕೊಟ್ಟಿದ್ದು, ಬಟ್ಟೆ ಡಿಪೋದ್ದು."

"ಅದರ ಬದಲು ಹೊಸದು ತಂದುಕೊಟ್ಟರೆ?"

"ಈ ಬಟ್ಟೆ ಹೊರಗೆ ಸಿಗಲ್ಲ. ಸಿಕ್ಕಿದ್ರೆ ಅದು ನಮ್ಮಲ್ಲೇ ಕದ್ದಿದ್ದು."

"ಕಳೆದುಹೋಗಿದೆ ಅಂದರೆ?"

"ವಿಚಾರಣೆ. ಹಿಂದೆ ಒಂದು ಬೂಟು ಕಳೆದಿತ್ತು. ಒಂದೂವರೆ ವರ್ಷ ನಡೀತು. ಕೊನೆಗೆ ಬೂಟು ಸಿಕ್ತು, ಬೂಟಿನವನೇ ಹೋಗ್ಬಿಟ್ಟ." ಹೇಳಿದ ಮೇಲೆ ಯಾರಿಗೆ ಹೇಳುತ್ತಿದ್ದೇನೆಂದು ಹೊಳೆಯಿತು. ಸೊಂಟದ ಗೊಂಚಲನ್ನು ಸುಮ್ಮನೆ ಒಮ್ಮೆ ಮುಟ್ಟಿಕೊಂಡ. "ನಿಮ್ಮ ಆದೇಶಕ್ಕೆ ಹನ್ನೊಂದು ದಿನ ಇದೆ. ವಿಚಾರಣೆ ಅಂತ ಕೂತ್ರೆ ಅದು ಸತ್ತ ಹಾಗೇ."

ಅವಳು ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

"ಹರಿದಿದ್ರೂ ನಡೆಯುತ್ತಮ್ಮ. ಚೂರಾಗಿದ್ರೂ ನಡೆಯುತ್ತೆ. ಹೇಗಿದ್ರೂ ಹರಿದು ಒರೆಸೋ ಬಟ್ಟೆಗೇ ಹಾಕೋದು. ತೂಕ ಬಂದ್ರೆ ನಾನು ಚೀಟಿ ಕೊಡ್ತೀನಿ."

ಕಾಯಂ ಕೆಲಸ. ಗುಬ್ಬಿಯ ಶಾಲೆ, ಅತ್ತೆಯ ಕಣ್ಣಿನ ಆಪರೇಷನ್ನು. ಒಂದು ಕಡೆ ಇವೆಲ್ಲ. ಇನ್ನೊಂದು ಕಡೆ ಇಪ್ಪತ್ತೊಂದು ತುಂಡು ನೀಲಿ ಬಟ್ಟೆ. ಯಾರನ್ನು ಕೇಳಿದರೂ ಉತ್ತರ ಒಂದೇ. ಅವಳು ಯಾರನ್ನೂ ಕೇಳಲಿಲ್ಲ. ಮನೆಗೆ ಬಂದು ಅತ್ತೆಗೆ ಹೇಳಿದಳು.

ಅತ್ತೆ ಕೌದಿಯನ್ನು ತೊಡೆಗೆ ಎಳೆದುಕೊಂಡು, "ಬ್ಲೇಡು ಎಲ್ಲಿದೆ?" ಅಂದರು.

ಭಾನುವಾರ ಮಧ್ಯಾಹ್ನ ಕೌದಿಯನ್ನು ನೆಲಕ್ಕೆ ಹಾಸಿ ಇಬ್ಬರೂ ಕೂತರು. ಅಂಚಿನಿಂದ ಸುತ್ತಿಕೊಂಡು ಬಂದ ಹೊಲಿಗೆ; ತಲೆಯ ಕಡೆಯ ಮೂರು ಸಾಲು ಬಿಡಿಸಬೇಕೆಂದರೆ ಪ್ರತಿ ಸುತ್ತಿನಲ್ಲೂ ದಾರ ಕತ್ತರಿಸಬೇಕು. ಕತ್ತರಿಸಿದಲ್ಲಿಂದ ಉಳಿದ ಸುತ್ತೂ ಸಡಿಲ. ನಾಲ್ಕು ತಿಂಗಳು ಹೊಲಿದದ್ದು ಒಂದು ಮಧ್ಯಾಹ್ನಕ್ಕೆ ಬಿಚ್ಚಿತು. ಬಿಚ್ಚುವ ಕೆಲಸಕ್ಕೆ ಯಾವಾಗಲೂ ಕೈ ಚುರುಕು.

ಗುಬ್ಬಿ ಬಂದು ನಿಂತಿತು. "ಯಾಕೆ ಬಿಚ್ತಿದೀರ?"

"ಡಿಪೋದವರು ವಾಪಸ್ ಕೇಳಿದ್ರು" ಅಂದಳು ಅವಳು.

"ಅವರ ಹತ್ರ ಬಟ್ಟೆ ಇಲ್ವಾ?"

"ಇಲ್ಲ ಪುಟ್ಟಾ. ಪಾಪ, ಗತಿ ಇಲ್ಲದವರು" ಅಂದರು ಅತ್ತೆ, ತಲೆಯೆತ್ತದೆ.

ಗುಬ್ಬಿ ಯೋಚಿಸಿತು. ಆಮೇಲೆ ಜೇಬಿನಿಂದ ಪೆನ್ಸಿಲು ತೆಗೆದುಕೊಂಡು, ಕೂತು, ತುಂಡು ದಾರಗಳನ್ನು ಒಂದೊಂದಾಗಿ ಎಳೆಯತೊಡಗಿತು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು.

ಸಂಜೆಯ ಹೊತ್ತಿಗೆ ಕೌದಿ ಒಂದು ತುದಿಯಲ್ಲಿ ಬಾಯಿ ತೆರೆದುಕೊಂಡು ಮಲಗಿತ್ತು. ಅತ್ತೆ ಒಳಪದರದ ಕಾಲರು, ಪಟ್ಟಿಗಳನ್ನೂ ತೆಗೆದಿಟ್ಟು, ನೀಲಿ ಚೌಕಗಳನ್ನು ಒಂದರ ಮೇಲೊಂದು ಜೋಡಿಸಿದರು. ಪ್ರತಿಯೊಂದರಲ್ಲೂ ಸೂಜಿಯ ತೂತುಗಳ ಸಾಲು, ಕುಡಿದ ಇರುವೆ ನಡೆದ ದಾರಿ.

ಬೀಗದಕೈ ತಕ್ಕಡಿಗೆ ಹಾಕಿದ. ನೋಡಿದ. ಚೂರುಗಳನ್ನು ಒಮ್ಮೆ ಕದಡಿ ಮತ್ತೆ ನೋಡಿದ.

"ನಲವತ್ತು ಗ್ರಾಂ ಕಮ್ಮಿ."

"ಗುಂಡಿಗಳು ಮನೇಲಿವೆ ಸರ್. ತರ್ತೀನಿ."

"ಗುಂಡಿ ಕೇಳೋಕೆ ನಾನೇನು ದರ್ಜಿಯಾ?" ಎಂದು ತನ್ನ ಜೇಬಿನಿಂದ ಕರವಸ್ತ್ರ ತೆಗೆದು ಮುದುಡಿ ತಕ್ಕಡಿಗೆ ಹಾಕಿದ. ಮುಳ್ಳು ನೇರವಾಯಿತು. ಚೀಟಿ ಬರೆದುಕೊಟ್ಟ. ಅವಳು ಹೊರಡುವಾಗ, ಅವಳತ್ತ ನೋಡದೆ, "ಕತ್ತರಿಸೋ ಕೆಲಸ ಉಳಿಸಿದ್ರಿ" ಅಂದ. ತಮಾಷೆಗೆ ಅಂದನೋ ಕ್ಷಮೆಗೆ ಅಂದನೋ ಅವನಿಗೇ ತಿಳಿದಿರಲಿಕ್ಕಿಲ್ಲ.

ಅದೇ ವಾರ ಅವಳು ಕೆಲಸಕ್ಕೆ ಸೇರಿದಳು. ಮೈಮೇಲೆ ಅದೇ ನೀಲಿ. ಕೊಡುವಾಗ ಬೀಗದಕೈ ಹೇಳಿದ, "ವಾಪಸ್ ಕೊಡೋದು ನಿಮಗೆ ಹೇಳ್ಬೇಕಿಲ್ಲ."

ಕೆಲಸ ಸುಲಭವಿತ್ತು. ವಾಪಸ್ ಬಂದ ಬಟ್ಟೆಗಳನ್ನು ಗೇಣಗಲ ಹರಿದು ಗೋಣಿಚೀಲದಲ್ಲಿ ತುಂಬುವುದು. ಬೆಳಿಗ್ಗೆ ಕೌಂಟರಿಗೆ ಬರುವ ಮೆಕ್ಯಾನಿಕ್ಕುಗಳಿಗೆ ಆಳಿಗೆ ಎರಡರಂತೆ ಕೊಡುವುದು. ಗೇಣಗಲದ ಅಂದಾಜು ಅವಳ ಕೈಗೆ ಮೊದಲೇ ಬಂದಿತ್ತು. ಮೂರನೆಯ ದಿನ ಚೀಲಕ್ಕೆ ಕೈ ಹಾಕಿದಾಗ ತೂತುಗಳ ಸಾಲು ಬೆರಳಿಗೆ ಸಿಕ್ಕಿತು. ಕಣ್ಣಿನಿಂದ ನೋಡಬೇಕಾಗಿರಲಿಲ್ಲ. ಎದುರಿಗೆ ಒಬ್ಬ ಕೈ ಚಾಚಿಕೊಂಡು ನಿಂತಿದ್ದ.

"ಏನಕ್ಕ, ಬಟ್ಟೆಗೂ ಅರ್ಜಿ ಬರೀಬೇಕಾ?"

ಕೊಟ್ಟಳು. ಅವನು ಅದರಲ್ಲಿ ಮೂಗಿನ ಬೆವರು ಒರೆಸಿಕೊಂಡು ಹೋದ.

ಶುಭ್ರ ಬಟ್ಟೆ ಒಂದು ಚೂರೂ ಗೇಟು ದಾಟುವಂತಿರಲಿಲ್ಲ. ಆದರೆ ಉಪಯೋಗಿಸಿ ಬಿಸಾಡಿದ್ದಕ್ಕೆ ತೂಕವಿಲ್ಲ, ಪುಸ್ತಕವಿಲ್ಲ. ಅದು ವರ್ಕ್‌ಶಾಪಿನ ಹಿಂದಿನ ಡ್ರಮ್ಮಿಗೆ ಹೋಗುತ್ತಿತ್ತು. ಶನಿವಾರ ಮಧ್ಯಾಹ್ನ ಸುಡುತ್ತಿದ್ದರು. ಇದು ತಿಳಿದ ಮೇಲೆ ಅವಳು ಪ್ರತಿ ಶನಿವಾರ ಊಟದ ಹೊತ್ತಿನಲ್ಲಿ ಡ್ರಮ್ಮಿನ ಬಳಿ ಹೋದಳು. ಕಪ್ಪಿನಲ್ಲಿ ಕಪ್ಪು, ಬಣ್ಣ ತಿಳಿಯದು. ಒಂದೊಂದನ್ನೇ ಹೆಬ್ಬೆರಳಿನಿಂದ ತಡವಿ ತೂತಿನ ಸಾಲು ಹುಡುಕುತ್ತಿದ್ದಳು. ಮೊದಲ ಶನಿವಾರ ಎರಡು. ಎರಡನೆಯ ಶನಿವಾರ ಒಂದೂ ಇಲ್ಲ. ಆರು ಶನಿವಾರಗಳಲ್ಲಿ ಏಳು ಸಿಕ್ಕವು. ಉಳಿದ ಹದಿನಾಲ್ಕು ಹೊಗೆಯಾಗಿದ್ದವು. ಜೇಬಿನದು ಸಿಗಲಿಲ್ಲ.

ಗೇಟಿನ ಕಾವಲುಗಾರ ಚೀಲ ತೆರೆಸಿ ಮುಖ ಸಿಂಡರಿಸಿದ. "ಇದ್ಯಾಕಮ್ಮ?"

"ಒಲೆ ಒರೆಸೋಕೆ."

"ಈ ಬಟ್ಟೇಲಿ ಒಲೆ ಒರೆಸಿದ್ರೆ, ಆಮೇಲೆ ಒಲೇನ ಯಾವುದರಲ್ಲಿ ಒರೆಸ್ತೀರ?" ಎಂದು ನಕ್ಕು ಬಿಟ್ಟುಕೊಟ್ಟ.

ಅತ್ತೆ ಸೋಡಾ ಹಾಕಿ ಕುದಿಸಿದರು. ಬಿಸಿಲಿಗೆ ಹಾಕಿದರು. ಮತ್ತೆ ಕುದಿಸಿದರು. ನೀರು ಕಪ್ಪಾಯಿತು, ಬಟ್ಟೆ ಪೂರ್ತಿ ನೀಲಿಗೆ ಮರಳಲಿಲ್ಲ. ಕೊನೆಗೊಂದು ಚೌಕವನ್ನು ಮೂಗಿನ ಹತ್ತಿರ ಹಿಡಿದವರು ಹಾಗೇ ನಿಂತುಬಿಟ್ಟರು. ಗ್ರೀಸು, ಡೀಸೆಲ್ಲು, ಬಿಸಿ ಕಬ್ಬಿಣ. ಇಸ್ತ್ರಿ ಅಂಗಡಿಯಿಂದ ಬಂದ ಆ ಶುಭ್ರ ಜೊತೆಯಲ್ಲಿ ಇದಿರಲಿಲ್ಲ. ದಿನಾ ಸಂಜೆ ಏಳಕ್ಕೆ ಮಗ ಬಾಗಿಲಲ್ಲಿ ಬೂಟು ಕಳಚುವಾಗ ಮನೆಯೊಳಗೆ ಬರುತ್ತಿದ್ದದ್ದು ಇದೇ.

"ಹೊಲಿ" ಅಂದರು ಅತ್ತೆ. "ಬೇಗ ಹೊಲಿ."

ಏಳು ಚೌಕಗಳು, ಒಂದು ಸಾಲಿಗೆ ಸರಿಯಾಗಿ. ಕುಕ್ಕರ್ ಕೂಗುತ್ತಿದ್ದಂತೆ, ಸ್ನಾನದ ಹಾಡು ಕೇಳುತ್ತಿದ್ದಂತೆ, ಎರಡು ವಾರದಲ್ಲಿ ಮುಗಿಸಿದಳು. ತೆರೆದ ಬಾಯಿ ಮುಚ್ಚಿತು. ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಲು ನೋಡಿದಳು, ಕೆಲವೆಡೆ ಆಯಿತು. ನಡುವಿನ ಎರಡು ಸುತ್ತನ್ನೂ ಮುಗಿಸಿ ಗಂಟು ಹಾಕಿದಳು.

ಭಾನುವಾರ ಊಟವಾದ ಮೇಲೆ ಗುಬ್ಬಿಯನ್ನು ಮಲಗಿಸಿ ಹೊದಿಸಿದರು. ಅತ್ತೆ ಕಾಲ ಬುಡದಲ್ಲಿ ಕೂತರು. ಅವಳು ನೀಲಿ ಸಾಲನ್ನು ಮಗುವಿನ ಗಲ್ಲದ ತನಕ ಎಳೆದಳು. ಇಬ್ಬರೂ ಉಸಿರು ಹಿಡಿದು ಮಗುವಿನ ಮುಖ ನೋಡಿದರು.

ಗುಬ್ಬಿ ಮೂಗು ಮುದುಡಿತು.

"ಛೀ. ಅಮ್ಮಾ, ಇದು ಗಬ್ಬು ವಾಸನೆ."

"ಯಾವ ವಾಸನೆ ಪುಟ್ಟಾ?" ಅತ್ತೆ ಕೇಳಿದರು. "ಸರಿಯಾಗಿ ನೋಡು. ಯಾರದ್ದು ಹೇಳು?"

"ಬಸ್ಸಿಂದು" ಅಂದಿತು ಗುಬ್ಬಿ. ಎದ್ದು ಕೂತು, ಕೌದಿಯನ್ನು ತಿರುಗಿಸಿ, ಪರದೆಯ ಹೂವುಗಳ ತುದಿಯನ್ನು ತಲೆಯ ಕಡೆಗೆ ತಂದುಕೊಂಡು, ಮಲಗಿತು. ನೀಲಿ ಸಾಲು ಕಾಲಿಗೆ ಹೋಯಿತು. ಐದು ನಿಮಿಷದಲ್ಲಿ ನಿದ್ದೆ.

ಮರೆಯಲು ಏಳು ತಿಂಗಳು ಸಾಕಾಗಿತ್ತು.

ಅತ್ತೆ ಕೂತಲ್ಲೇ ಇದ್ದರು. ಈಗ ನೀಲಿ ಅಂಚು ಅವರ ಮೊಣಕಾಲಿಗೆ ತಾಗುತ್ತಿತ್ತು. ಅದನ್ನು ಎತ್ತಿಕೊಳ್ಳಲೂ ಇಲ್ಲ, ಸರಿಸಲೂ ಇಲ್ಲ. ಅವಳು ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು, ನಾಳೆಯ ಯೂನಿಫಾರಂ ಒಣಗಿದೆಯೇ ನೋಡಲು ಹೋದಳು.

ಬೆಳಿಗ್ಗೆ ಸಾಕ್ಸು ಹಾಕುವಾಗ ಗುಬ್ಬಿಯ ಹಿಮ್ಮಡಿಯ ಮೇಲೆ ಸಣ್ಣದೊಂದು ಕಪ್ಪು ಗೆರೆ ಕಂಡಿತು. ಗಂಟೆ ಎಂಟಾಗಿತ್ತು, ಶಾಲೆಯ ವ್ಯಾನು ಕೂಗುತ್ತಿತ್ತು. ಅವಳು ಒರೆಸಲು ಹೆಬ್ಬೆರಳು ಚಾಚಿದವಳು ಒರೆಸಲಿಲ್ಲ. ಸಾಕ್ಸನ್ನು ಮೇಲಕ್ಕೆಳೆದು ಬೂಟಿನ ಲೇಸು ಕಟ್ಟಿದಳು.