ದೋಣಿ ಹಾಡಿನ ಮೇಲಿನ ಸಾಲು

ಮಣಿಪಾಲದಲ್ಲಿ ಹಾಡುವವರಿಗೆ ಬರವಿಲ್ಲ. ಕಣ್ಣು ಮುಚ್ಚಿ ಕಲ್ಲೆಸೆದರೂ ಒಂದು ಗಿಟಾರಿಗೆ ತಾಗುತ್ತದೆ. ಆದರೆ ಸ್ವಂತ ಹಾಡು ಕಟ್ಟಿ, ಅದನ್ನು ನಾಲ್ಕು ಜನರ ಮುಂದೆ ಕುಳಿತು ಹಾಡುವ ಗುಂಡಿಗೆಯವರು ಕಡಿಮೆ. ತಾಳ್ಮೆಯಿಂದ ಕೇಳುವ ಪುಣ್ಯಾತ್ಮರು ಇನ್ನೂ ಕಡಿಮೆ. ಈ ಎರಡೂ ಬಗೆಯವರು ಒಟ್ಟು ಸೇರುವ ಜಾಗವೆಂದರೆ ಟಯರ್ ಅಂಗಡಿಯ ಮೇಲಿರುವ ಕಜೆಟನ್ ಅವರ ಕ್ಲಬ್ಬು. ನಲವತ್ತು ಕುರ್ಚಿ ಹಾಕಿದರೆ ಓಡಾಡಲು ಜಾಗವಿಲ್ಲ, ಅಷ್ಟು ಪುಟ್ಟದು.

ಕಜೆಟನ್ ಕುವೈತಿನ ಹೋಟೆಲೊಂದರಲ್ಲಿ ಅರ್ಧ ಆಯುಷ್ಯ ಡ್ರಮ್ಸ್ ಬಾರಿಸಿ ಬಂದವರು. ಈ ಕಡೆ ಕ್ರೈಸ್ತ ಹಿರಿಯರನ್ನು ಕರೆಯುವ ಹಾಗೆ ಎಲ್ಲರೂ ಅವರನ್ನು ಪೊರ್ಬುಗಳು ಎಂದೇ ಕರೆಯುವುದು. ಅವರ ಕ್ಲಬ್ಬಿನಲ್ಲಿ ಸಿನೆಮಾ ಹಾಡು ನಿಷಿದ್ಧ. ತಿಂಗಳಿಗೊಂದು ಭಾನುವಾರ ಸಂಜೆ ಹಾಡು ಕಟ್ಟುವವರು ಒಂದೇ ಸಾಲಿನಲ್ಲಿ ಕುರ್ಚಿ ಹಾಕಿ ಕೂರಬೇಕು, ಒಬ್ಬರ ಹಾಡಿಗೆ ಉಳಿದವರು ಜೊತೆಗೂಡಬೇಕು. ತನ್ನ ಸರದಿ ಮುಗಿಯಿತೆಂದು ಮೊಬೈಲು ತಿಕ್ಕುತ್ತ ಕೂತವನನ್ನು ಪೊರ್ಬುಗಳು ಮತ್ತೆ ಆ ಮೆಟ್ಟಿಲು ಹತ್ತಲು ಬಿಟ್ಟದ್ದಿಲ್ಲ.

ಆ ಸಾಲಿನಲ್ಲಿ ಸುಘೋಷ ಮತ್ತು ದೀಕ್ಷಿತಾ ಆರು ವರ್ಷ ಜೋಡಿಯಾಗಿ ಕೂತಿದ್ದರು. ಸುಘೋಷ ಅಲೆವೂರಿನವನು, ಪುರೋಹಿತರ ಮನೆಯ ಹುಡುಗ. ಮಂತ್ರ ಹೇಳಬೇಕಾದವನು ತಂತಿ ಮೀಟುತ್ತಾನೆಂದು ಅವನ ತಂದೆ ರಘುಪತಿ ಭಟ್ಟರು ಗೊಣಗುತ್ತಿದ್ದರೂ ಬಾಗಿಲ ಮರೆಯಲ್ಲಿ ನಿಂತು ಕೇಳದೆ ಇರುತ್ತಿರಲಿಲ್ಲ. ದೀಕ್ಷಿತಾ ಶಂಕರಪುರದವಳು, ಕಾಪುವಿನ ಸೊಸೈಟಿಯೊಂದರ ಕೌಂಟರಿನಲ್ಲಿ ಅವಳ ಕೆಲಸ. ಹಾಡಿನ ಮಾತು ಅವಳದು, ರಾಗ ಅವನದು. ಪ್ರತಿ ಹಾಡಿನಲ್ಲೂ ಅವನು ಒಂದು ಸಾಲನ್ನು ಮಾತ್ರ ಎಟುಕದಷ್ಟು ಮೇಲೆ ಕಟ್ಟಿಡುತ್ತಿದ್ದ. ಏರುತ್ತಾಳೋ ನೋಡುವ ಎಂಬ ಹಟ. ಅವಳು ಏರುತ್ತಿದ್ದಳು. ಆ ಸಾಲು ಬಂದಾಗ ಕ್ಲಬ್ಬಿನವರು ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಡುತ್ತಿದ್ದರು, ಸುಘೋಷನಿಗೆ ಜನ್ಮ ಸಾರ್ಥಕವೆನಿಸುತ್ತಿತ್ತು.

ಆಮೇಲೆ ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಥೈರಾಯ್ಡ್, ತೆಗೆಯಲೇಬೇಕು ಎಂದರು ಡಾಕ್ಟರು. ಮೇಲಿನ ಸ್ವರಕ್ಕೆ ತೊಂದರೆಯಾಗಬಹುದೆಂದು ಮೊದಲೇ ಹೇಳಿಯೂ ಇದ್ದರು. ಆಪರೇಶನ್ ಸುಸೂತ್ರವಾಗಿ ಮುಗಿಯಿತು. ಎರಡು ತಿಂಗಳು ಅವಳು ಪಿಸುಗುಟ್ಟಿದಳು. ನಂತರ ಸ್ವರ ಬಂತು, ಆದರೆ ಬೇರೆಯೇ ಬಂತು. ತಗ್ಗಿನಲ್ಲಿ ಓಡಾಡುವ, ತುಸು ಒರಟಾದ ಸ್ವರ. ಇನ್ನು ಇದೇ ನಿಮ್ಮ ಸ್ವರ ಎಂದು ಡಾಕ್ಟರು ಹೇಳಿದ್ದನ್ನು ದೀಕ್ಷಿತಾ ಕೇಳಿಸಿಕೊಂಡಳು. ಪಕ್ಕದಲ್ಲೇ ಕೂತಿದ್ದ ಸುಘೋಷ ಕೇಳಿಸಿಕೊಳ್ಳಲಿಲ್ಲ.

ಕ್ಲಬ್ಬಿನವರಿಗೆ ಅವಳು ಏನನ್ನೂ ತಿಳಿಸಲಿಲ್ಲ. ಕೆಲಸ ಜಾಸ್ತಿ ಎಂದು ಹೇಳಿ ಎಂಟು ತಿಂಗಳು ದೂಡಿದಳು. ಕೊನೆಗೆ ಒಂದು ದಿನ ತಾನೇ ಸುಘೋಷನನ್ನು ಮನೆಗೆ ಕರೆದು ಈ ಭಾನುವಾರ ಹಾಡುತ್ತೇನೆ ಎಂದಳು. ಜಗಲಿಯಲ್ಲಿ ಅವಳ ತಾಯಿ ಗುಣವತಿ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಅವರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದ ಮಾತು ಇನ್ನೊಂದಿತ್ತು.

"ಯಾರಾದರೂ ಅಯ್ಯೋ ಪಾಪ ಅಂತ ನನ್ನನ್ನು ನೋಡಿದರೆ ಅದೇ ಕೊನೆ, ಸುಘೋಷ. ಮತ್ತೆ ನಾನು ಆ ಮೆಟ್ಟಿಲು ಹತ್ತುವುದಿಲ್ಲ."

ಹಾಡಬೇಕಾದದ್ದು ಅವರ ದೋಣಿ ಹಾಡು. ಹೂಡೆಯ ಕಡೆಯ ಹೊಳೆದಂಡೆಯಲ್ಲಿ ತಡವಾಗಿ ಬಂದ ಹೆಂಗಸೊಬ್ಬಳು, ಹೊರಟುಹೋದ ದೋಣಿಯನ್ನು ಕೂಗಿ ಕರೆಯುವ ಹಾಡು. 'ಓ ದೋಣಿಯವನೇ, ಇನ್ನೊಬ್ಬಳಿದ್ದೇನೆ, ತಡೆ' ಎಂಬುದು ಅದರ ಮೇಲಿನ ಸಾಲು. ಶ್ರುತಿ ಏರಿಸಲು ಗಿಟಾರಿನ ಕುತ್ತಿಗೆಗೆ ಬಿಗಿಯುವ ಒಂದು ಕ್ಲಿಪ್ಪು ಉಂಟಲ್ಲ, ಹಿಂದೆ ಸುಘೋಷ ಅದನ್ನು ಐದನೆಯ ಫ್ರೆಟ್ಟಿಗೆ, ಅಂದರೆ ಐದನೆಯ ಅಡ್ಡಪಟ್ಟಿಗೆ, ಬಿಗಿಯುತ್ತಿದ್ದ. ಈಗಿನ ಸ್ವರಕ್ಕೆ ಕ್ಲಿಪ್ಪೇ ಬೇಡ. ಹಾಗೆಯೇ ಅಭ್ಯಾಸ ಮಾಡಿದರು. ಪ್ರತಿ ಸಲ ಹಾಡು ಮುಗಿದಾಗಲೂ ಅವನು ಸದ್ಯಕ್ಕೆ ಹೀಗೇ ಇರಲಿ ಎನ್ನುತ್ತಿದ್ದ. ಸಮಾಧಾನದ ಮಾತೆಂದೇ ಅವನು ತಿಳಿದಿದ್ದ. ಅದನ್ನು ಕೇಳಿದಾಗಲೆಲ್ಲ ಅವಳ ಮುಖ ಬಾಡುತ್ತಿದ್ದುದು ಆ ಬುದ್ಧಿವಂತನ ಕಣ್ಣಿಗೆ ಬೀಳಲಿಲ್ಲ.

ಭಾನುವಾರ ಕ್ಲಬ್ಬು ತುಂಬಿತ್ತು. ಮೊದಲ ಸರದಿ ಕಾರ್ಕಳದ ಜಿತೇಂದ್ರನದು. ಬಸ್ ಕಂಡಕ್ಟರನ ಪ್ರೇಮಪ್ರಸಂಗದ ಮೇಲೆ ಅವನು ಕಟ್ಟಿದ ಹಾಡಿಗೆ ಜನ ಬಿದ್ದು ಬಿದ್ದು ನಕ್ಕರು. ಆ ನಗು ಇನ್ನೂ ಆರುವ ಮೊದಲೇ ಪೊರ್ಬುಗಳು ಕೌಂಟರಿನ ಹಿಂದಿನಿಂದ ದೀಕ್ಷಿತಾಳಿಗೆ ತಲೆಯಾಡಿಸಿ ಸನ್ನೆ ಮಾಡಿದರು. ಅವಳು ಮೈಕನ್ನು ಹತ್ತಿರ ಎಳೆದುಕೊಂಡಳು. ಅವಳಿಗಿಂತ ಹೆಚ್ಚು ಹೆದರಿದ್ದವನು ಸುಘೋಷ. ಹೆದರಿದಾಗ ಮನುಷ್ಯ ಯೋಚನೆ ಮಾಡುವುದಿಲ್ಲ, ರೂಢಿ ಮಾಡಿಸಿದ್ದನ್ನು ಮಾಡುತ್ತಾನೆ. ಅವನ ಕೈ ಕಿಸೆಗೆ ಹೋಯಿತು, ಕ್ಲಿಪ್ಪನ್ನು ತೆಗೆಯಿತು, ಐದನೆಯ ಫ್ರೆಟ್ಟಿಗೆ ಬಿಗಿಯಿತು. ನುಡಿಸತೊಡಗಿತು.

ದೀಕ್ಷಿತಾ ಒಮ್ಮೆ ಅವನ ಕಡೆ ತಿರುಗಿ ನೋಡಿದಳು. ಅವನು ಕಣ್ಣು ಮುಚ್ಚಿ ನುಡಿಸುತ್ತಲೇ ಇದ್ದ. ಅವಳು ಮೊದಲ ಚರಣವನ್ನು ಹಾಡಿದಳು. ಅದು ತಗ್ಗಿನಲ್ಲಿತ್ತು, ಎಳೆದಾಡಿಕೊಂಡು ಹೇಗೋ ಸಾಗಿತು. ಎರಡನೆಯ ಚರಣದ ಅರ್ಧದಲ್ಲಿ ಅವಳ ಸ್ವರ ಒದ್ದಾಡುವುದು ಸುಘೋಷನ ಕಿವಿಗೆ ಬಿತ್ತು. ಎಡಗೈಯ ಕಡೆ ನೋಡಿಕೊಂಡ. ಐದನೆಯ ಫ್ರೆಟ್ಟಿನಲ್ಲಿ ಕ್ಲಿಪ್ಪು ಕೂತಿತ್ತು. ಮೇಲಿನ ಸಾಲಿಗೆ ಇನ್ನು ನಾಲ್ಕೇ ಮಾತು ಬಾಕಿ. ನಿಲ್ಲಿಸಿದರೆ ಅವಳ ಗುಟ್ಟು ಬಯಲಾಗುತ್ತದೆ, ನಿಲ್ಲಿಸದಿದ್ದರೆ ನಲವತ್ತು ಜನರ ಎದುರು ಅವಳ ಸ್ವರ ಒಡೆಯುತ್ತದೆ. ನೆಲ ಬಾಯ್ಬಿಟ್ಟು ತನ್ನನ್ನು ಗಿಟಾರಿನ ಸಮೇತ ಕೆಳಗಿನ ಟಯರುಗಳ ರಾಶಿಗೆ ಹಾಕಬಾರದೇ ಎಂದುಕೊಂಡ.

ನಿಲ್ಲಿಸಿದವಳು ಅವಳೇ. ಕೈ ಚಾಚಿ, ಅವನ ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟಳು.

"ಎಂಟು ತಿಂಗಳ ಹಿಂದೆ ನನಗೆ ಕುತ್ತಿಗೆಯ ಆಪರೇಶನ್ ಆಯಿತು," ಎಂದಳು ಮೈಕಿನಲ್ಲಿ, ಸೊಸೈಟಿಯ ಕೌಂಟರಿನಲ್ಲಿ ಮಾತಾಡುವಷ್ಟೇ ಸಲೀಸಾಗಿ. "ನನ್ನ ಮೇಲಿನ ಸ್ವರ ಹೋಯಿತು. ಇನ್ನು ಬರುವುದಿಲ್ಲ. ಇವನಿಗೆ ಅದು ಗೊತ್ತುಂಟು, ಇವನ ಕೈಗೆ ಮಾತ್ರ ಇನ್ನೂ ಗೊತ್ತಾಗಲಿಲ್ಲ."

ಯಾರೋ ನಗಲು ಹೋಗಿ ತಡೆದುಕೊಂಡರು. ಸುಘೋಷನಿಗೆ ತಲೆ ಎತ್ತಲಾಗಲಿಲ್ಲ.

"ಈ ಸಾಲನ್ನು ಅಷ್ಟು ಮೇಲೆ ಕಟ್ಟಿಟ್ಟವನು ಇವನೇ. ಇವತ್ತು ಒಂದು ಸಲ ಇವನೇ ಹಾಡಲಿ. ಹೇಗೆ ಉಂಟು ಅಂತ ಇವನಿಗೂ ತಿಳಿಯಬೇಕು, ಅಲ್ವಾ?"

ಒಬ್ಬರ ಹಾಡಿಗೆ ಇನ್ನೊಬ್ಬರು ಸೇರುವುದು ಇಲ್ಲಿಯ ಕಾನೂನೆಂದು ಪೊರ್ಬುಗಳು ಕೌಂಟರಿನಿಂದಲೇ ತೀರ್ಪು ಕೊಟ್ಟರು. ಜಿತೇಂದ್ರ ಆಗಲೇ ಮೈಕನ್ನು ಸುಘೋಷನ ಬಾಯಿಗೆ ಹಿಡಿದಿದ್ದ. ತಪ್ಪಿಸಿಕೊಳ್ಳುವಂತಿರಲಿಲ್ಲ. ಅವನು ಉಸಿರೆಳೆದುಕೊಂಡು 'ಓ ದೋಣಿಯವನೇ' ಎಂದು ಕೂಗಿದ. ದೋಣಿಯವನ ತನಕ ಹೇಗೋ ಹೋದ. 'ತಡೆ' ಎನ್ನುವಲ್ಲಿ ಸ್ವರ ಚೂರುಚೂರಾಯಿತು. ಕ್ಲಬ್ಬಿಗೆ ಕ್ಲಬ್ಬೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ದೀಕ್ಷಿತಾ. ಆ ನಗುವಿನಲ್ಲಿ ಅಯ್ಯೋ ಪಾಪ ಎನ್ನುವುದಕ್ಕೆ ಯಾರಿಗೂ ಪುರುಸೊತ್ತಾಗಲಿಲ್ಲ.

ಸುಘೋಷನೂ ನಕ್ಕ, ಆದರೆ ಅವನ ಗಂಟಲು ಉರಿಯುತ್ತಿತ್ತು. ಒಂದು ಸಾಲಿಗೇ ಹೀಗೆ. ದಿನವಿಡೀ ಕೌಂಟರಿನಲ್ಲಿ ಮಾತಾಡಿ, ಬಸ್ಸು ಹಿಡಿದು ಬಂದು, ಆರು ವರ್ಷ ಇದನ್ನು ಏರಿದ್ದಳಲ್ಲ ಇವಳು. ಒಂದು ದಿನವಾದರೂ ಕಷ್ಟ ಎಂದಿರಲಿಲ್ಲ. ಚಪ್ಪಾಳೆಯಲ್ಲಿ ಅರ್ಧ ಪಾಲು ತನ್ನದೆಂದು ತಾನು ಬೀಗುತ್ತಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಅವಳ ಮೇಲೆ ಹಿಂದೆಂದೂ ಇಲ್ಲದಷ್ಟು ಗೌರವ ಹುಟ್ಟಿತು. ಇಂಥ ಹುಡುಗಿಯ ಪಕ್ಕದ ಕುರ್ಚಿ ಸಿಕ್ಕಿದ್ದೇ ಭಾಗ್ಯ ಎನಿಸಿತು.

ಮೈಕಿನಿಂದ ಮುಖ ತಿರುಗಿಸಿ ಮೆಲ್ಲಗೆ ಕೇಳಿದ, "ಇಳಿಸಲಾ?"

"ಇಳಿಸುವುದು ಎಂತದ್ದು ಮಾರಾಯ," ಎಂದಳು ಅವಳು. "ನಾನು ಇರುವಲ್ಲಿಗೆ ಬಾ."

ಅವನು ಕ್ಲಿಪ್ಪು ಬಿಚ್ಚಿದ. ಹಾಡು ಮತ್ತೆ ಮೊದಲಿನಿಂದ ಹೊರಟಿತು. ಹಿಂದೆ ಆ ಹೆಂಗಸು ಹೊಳೆಯ ಆಚೆಗೆ ಕೇಳುವಂತೆ ಕೂಗುತ್ತಿದ್ದಳು. ಇವತ್ತು ಕೂಗಲಿಲ್ಲ. ಇನ್ನೊಬ್ಬಳಿದ್ದೇನೆ, ತಡೆ ಎಂದು ಮಾತಿನ ದನಿಯಲ್ಲಿ ಹೇಳಿದಳು. ದೋಣಿ ನಿಲ್ಲುವುದೋ ಬಿಡುವುದೋ ದೋಣಿಯವನಿಗೆ ಬಿಟ್ಟದ್ದು, ತಾನಿರುವುದಂತೂ ನಿಜ ಎನ್ನುವ ಹಾಗಿತ್ತು ಅದು. ಆ ಮಾತುಗಳನ್ನು ಸುಘೋಷ ನೂರಾರು ಸಲ ಕೇಳಿದ್ದ. ಎತ್ತರ ಮಾತ್ರ ಕೇಳಿದ್ದೆ, ಮಾತು ಕೇಳಿಸಿಕೊಂಡಿರಲಿಲ್ಲ ಎಂದು ಈಗ ತಿಳಿಯಿತು. ಜಿತೇಂದ್ರ ಜೊತೆಗೆ ಬಾರಿಸಲು ಇಟ್ಟುಕೊಂಡಿದ್ದ ತಾಳವಾದ್ಯವನ್ನು ಬದಿಗೆ ಸರಿಸಿ ಬರಿ ಬೆರಳಿನಿಂದ ತೊಡೆ ತಟ್ಟುತ್ತಿದ್ದ. ಪೊರ್ಬುಗಳು ಜ್ಯೂಸಿನ ಮಿಕ್ಸಿಯ ಸ್ವಿಚ್ಚು ಆರಿಸಿ ನಿಂತಿದ್ದರು. ಹಾಡು ಮುಗಿದಾಗ ಹೊಡೆದ ಚಪ್ಪಾಳೆಯನ್ನು ಜನ ಸುಲಭಕ್ಕೆ ನಿಲ್ಲಿಸಲಿಲ್ಲ.

ಇನ್ನೊಂದು ಆಗಲಿ ಎಂದರು ಪೊರ್ಬುಗಳು. ಈ ಸ್ವರಕ್ಕೆ ತಾನು ಒಂದು ರಾಗವನ್ನೂ ಮಾಡಿಲ್ಲ, ಎಂಟು ತಿಂಗಳು ಸುಮ್ಮನೆ ಕೂತಿದ್ದೆ ಎಂದು ಸುಘೋಷ ಮೈಕಿನಲ್ಲಿ ಒಪ್ಪಿಕೊಂಡ. ಮುಂದಿನ ತಿಂಗಳು ತರುತ್ತೇವೆ ಎಂದ. ದೀಕ್ಷಿತಾ ಬೇಡವೆಂದು ತಲೆಯಲ್ಲಾಡಿಸಿದಳು. ಸ್ವರವಿಲ್ಲದ ಆ ಎರಡು ತಿಂಗಳಲ್ಲಿ ತಾನು ನಾಲ್ಕು ಸಾಲು ಕಟ್ಟಿದ್ದೇನೆ, ಇಲ್ಲೇ ಈಗಲೇ ರಾಗ ಮಾಡುವ ಎಂದಳು. ನಲವತ್ತು ಜನರೂ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

ಸುಘೋಷ ಗಿಟಾರನ್ನು ಮಡಿಲಿಗೆ ಒರಗಿಸಿಕೊಂಡು, ತಂತಿ ಮುಟ್ಟದೆ ಅವಳ ಕಡೆ ತಿರುಗಿದ.

"ಯಾವ ಸ್ವರದಿಂದ ಶುರು ಮಾಡುತ್ತಿ?"

ಆರು ವರ್ಷಗಳಲ್ಲಿ ಅವನು ಅವಳನ್ನು ಹೀಗೆ ಕೇಳಿದ್ದು ಅದೇ ಮೊದಲು.