ಪಥ್ಯದೊಳಗೊಂದು ಪೇರಲ

ಅಪೆಂಡಿಕ್ಸ್ ತೆಗೆಸಿಕೊಂಡು ಎರಡು ತಿಂಗಳು ದಾಟಿದರೂ ನನ್ನ ಹೊಟ್ಟೆಯ ಗಾಯದ ಒಂದು ಮೂಲೆ ಕೂಡಲೊಲ್ಲದು. ಅದು ಒಣಗುವವರೆಗೆ ಮದುವೆ ನಿಶ್ಚಯದ ಮಾತೇ ಇಲ್ಲವೆಂದು ನಮ್ಮ ಆಯಿ, ಅಪ್ಪನ ತಾಯಿ ಹುಚ್ಚವ್ವ ಪಟ್ಟು ಹಿಡಿದಿದ್ದಳು. ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತೇ ನಮ್ಮನ್ನೆಲ್ಲ ಸಾಕಿದವಳು ಅವಳು. ಅವಳ ಮಾತು ಮೀರುವ ಗಂಡಸು ನಮ್ಮ ಮನೆಯಲ್ಲಿ ಹುಟ್ಟಿಲ್ಲ. ಅತ್ತ ಮುಂಡರಗಿಯಲ್ಲಿ ನನ್ನ ಕಳಕೇಶನ ಮನೆಯವರು ಕಾದು ಕಾದು ಬೇಸತ್ತು, ಶಿರಹಟ್ಟಿಯ ಹುಡುಗಿಯೊಬ್ಬಳನ್ನು ನೋಡಲು ಹೊರಟಿದ್ದರು. ಹಾಳಾದವಳಿಗೆ ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲವಂತೆ.

ಆಯಿಯ ಪಥ್ಯವೆಂದರೆ ಪಥ್ಯ. ಹುಳಿ ತಿಂದರೆ ಗಾಯ ಕೀವಾಗುತ್ತದೆಂದು ನಿಂಬೆ, ಟೊಮೆಟೊ, ಹಣ್ಣು, ಕಾಯಿಪಲ್ಲೆ ಎಲ್ಲ ಬಂದ್. ಮೂರು ಹೊತ್ತೂ ರೊಟ್ಟಿ, ಸಪ್ಪನೆಯ ಹೆಸರುಬೇಳೆ, ಕಾಸಿದ ಹಾಲು. ಡಾಕ್ಟರು ಹಣ್ಣು ತಿನ್ನಿಸಿ ಎಂದಾಗ ತಲೆಯಾಡಿಸಿದವಳು, ದವಾಖಾನೆಯ ಮೆಟ್ಟಿಲಿಳಿಯುತ್ತಲೇ ಅವರ ಬುದ್ಧಿಗೆ ಮರುಗಿದಳು.

ಕಳಕೇಶ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಫೋನಿನಲ್ಲಿ ನಾನು ಅತ್ತರೆ, ಸಂತೈಸುವುದು ಬಿಟ್ಟು ಪಾಠ ಶುರುಮಾಡಿದ.

"ಗಾಯ ಕೂಡಸೂ ದಾರದಂಥಾ ಎಳಿ, ಮೈಯಾಗ ಮೂರು ಮೂರು ಹುರಿಗೊಂಡು ಗಟ್ಟಿ ಆಗಬೇಕು. ಅದನ್ನ ಹದಾ ಮಾಡೂ ಕಿಣ್ವದಾಗ ಕಬ್ಬಿಣ ಇರತೈತಿ. ಆ ಕಬ್ಬಿಣ ಜಂಗ ಹಿಡದಂಗ ಆದ್ರ ಕೆಲಸ ಬಂದ್. ವಿಟಮಿನ್ ಸಿ ಬಂದು ಅದನ್ನ ಮತ್ತ ಮೊದಲಿನಂಗ ಮಾಡಬೇಕು. ನಿನ್ನ ಪಥ್ಯದಾಗ ಅದ ಇಲ್ಲಲ್ಲ."

ಬೇರೆಯವರ ಹುಡುಗರು ಚಂದ್ರ, ಚುಕ್ಕಿ ಅನ್ನುತ್ತಾರೆ. ನನ್ನವನು ಜಂಗು, ತುಕ್ಕು ಅನ್ನುತ್ತಾನೆ. ಅದಕ್ಕೂ ನನ್ನ ಎದೆ ಕುಣಿಯಿತೆಂದರೆ ನನ್ನ ಹುಚ್ಚು ಎಂಥದ್ದು ನೋಡಿ. ಆಯಿ ಬಿಡಬೇಕಲ್ಲ ಎಂದೆ. ಹುಳಿಯಿಲ್ಲದೆಯೂ ವಿಟಮಿನ್ ಸಿ ಇರುವ ಹಣ್ಣು ತಂದರಾಯಿತು ಎಂದ.

ಮರುದಿನವೇ ಚೀಲದ ತುಂಬ ಪೇರಲ ಹಣ್ಣು ಹೊತ್ತು ಮನೆಗೇ ಬಂದುಬಿಟ್ಟ. ನಾನು ಖುಷಿಗೆ ಕನ್ನಡಿಗೊಮ್ಮೆ, ಕಿಟಕಿಗೊಮ್ಮೆ ಓಡಿದೆ. ಹುಳಿ ಇದ್ದರೆ ಚೀಲದ ಸಮೇತ ಹೊರಗೆ ಎಂದಳು ಆಯಿ. ನೀವೇ ತಿಂದು ನೋಡಿರಿ ಎಂದು ಒಂದು ಹಣ್ಣನ್ನು ಅವಳ ಕೈಗಿಟ್ಟ. ಅವಳು ಕಚ್ಚಿ, ಅಗಿದು, ಸಿಹಿಯೇ ಎಂದು ಒಪ್ಪಬೇಕಾಯಿತು. ನಾನು ಚಪ್ಪಾಳೆ ಹೊಡೆಯುವುದರಲ್ಲಿದ್ದೆ. ಕಳಕೇಶ ಮಾತ್ರ ಅವಳು ಕಚ್ಚಿದ ಹಣ್ಣನ್ನೇ ನೋಡುತ್ತಿದ್ದ. ಬಿಳಿಯ ತಿರುಳಿಗೆ ರಕ್ತ ಹತ್ತಿತ್ತು.

"ಆಯೀ, ಬಾಯಿ ತಗೀರಿ," ಎಂದ.

ಬೀಗತನ ಬೆಳೆಸಲು ಬಂದವರು ಆಡುವ ಮಾತೇ ಅದು? ಆಯಿ ಬೆಪ್ಪಾಗಿ ಬಾಯಿ ತೆರೆದಳು. ಒಸಡೆಲ್ಲ ಬಾತು ಕೆಂಪಾಗಿತ್ತು. ಅದೇ ವಿಟಮಿನ್ ಕಡಿಮೆಯಾದರೆ ಒಸಡಿನಲ್ಲೂ ರಕ್ತ ಬರುತ್ತದೆ, ನೀವೂ ಪಥ್ಯ ಹಿಡಿದಿದ್ದೀರಾ ಎಂದು ಕೇಳಿದ. ಆಯಿ ನೆಲ ನೋಡಿದಳು.

"ಕೂಸು ಸಪ್ಪಂದು ತಿನ್ನಾಕತ್ತಾಗ ನನ್ನ ಗಂಟಲದಾಗ ಉಪ್ಪಿನಕಾಯಿ ಹೆಂಗ ಇಳಿಬೇಕೋ ತಮ್ಮಾ."

ಒಂದೇ ಮನೆಯಲ್ಲಿದ್ದೂ ನನಗಿದು ಗೊತ್ತಿರಲಿಲ್ಲ. ನನಗೆ ಅಳು ಉಕ್ಕಿ ಬಂತು. ಕಳಕೇಶ ಹಣ್ಣು ಹೋಳು ಮಾಡಿ ಇಬ್ಬರಿಗೂ ಕೊಟ್ಟು, ನಾಳೆಯೇ ದವಾಖಾನೆಗೆ ತೋರಿಸಬೇಕೆಂದು ಆಯಿಯನ್ನೇ ಗದರಿದ. ಅವಳು ತೆಪ್ಪಗೆ ತಿಂದಳು. ತಿಂದು ಮುಗಿಸಿ ನಮ್ಮಪ್ಪನನ್ನು ಕರೆದಳು.

"ಈಶಪ್ಪಾ, ಇವರ ಮನಿಯವ್ರನ್ನ ಸೋಮವಾರ ಕರಸು. ಗಾಯ ಒಣಗಿದಾಗ ಒಣಗಲಿ. ಹುಡುಗೀನ ನೋಡಾಕ ಬಂದಾಂವ ಮುದುಕಿ ಬಾಯಾಗ ಇಣಿಕಿದ. ಇಂಥಾಂವಗ ಕೊಡದ ಇನ್ಯಾರಿಗೆ ಕೊಡೂನು?"

ನಾನು ನಕ್ಕ ರಭಸಕ್ಕೆ ಹೊಟ್ಟೆಯ ಗಾಯ ಚುರ್ರೆಂದಿತು. ಅನ್ನಲಿ ಎಂದು ಇನ್ನೊಮ್ಮೆ ನಕ್ಕೆ.